ಒಂದು ಒಳಲೆ ಬೆಲ್ಲದ ನೀರು

"ಇಷ್ಟು ಸಣ್ಣದಾದ್ರೆ ಸಾಲಂಗಿಲ್ಲ ಪತ್ತಾರ್ರೇ, ಇನ್ನೊಂದೀಟು ದೊಡ್ಡದು ಮಾಡ್ರಿ. ಹೋದ ಕೂಸು ಹೊಟ್ಟೆಗೆ ಸಾಲದೇ ಹೋತು."

ನಾನು ಕೇಳಿದ ಮೊದಲ ಮಾತು ಇದು. ಹೇಳಿದವಳು ಸಿದ್ದಮ್ಮಜ್ಜಿ. ಕೇಳಿಸಿಕೊಂಡವನು ದಾವಣಗೆರೆ ಹಳೇಪೇಟೆಯ ಪತ್ತಾರ ಮೌನೇಶಪ್ಪ. ಬೆಳ್ಳಿ ಬಂಗಾರದ ಕೆಲಸದವರನ್ನು ನಮ್ಮ ಕಡೆ ಪತ್ತಾರರು ಅಂತಾರೆ. ನಾನು ಆಗಿನ್ನೂ ಅವನ ಮುಂದೆ ಬಿಸಿ ಆರದೆ ಬಿದ್ದಿದ್ದ ಬೆಳ್ಳಿಯ ತುಂಡು. ಅದಕ್ಕೂ ಮುಂಚೆ ನಾನು ಒಂದು ಉಡದಾರವಾಗಿದ್ದೆ. ಅಜ್ಜಿಯ ಸೊಸೆ ಹಾಲಮ್ಮನ ಮೊದಲ ಮಗು ಹೆಣ್ಣು, ಅದರ ಸೊಂಟದಲ್ಲಿದ್ದೆ. ಮಗು ಸೊರಗುತ್ತಾ ಹೋದ ಹಾಗೆ ಉಡದಾರವನ್ನು ಬಿಗಿ ಮಾಡುತ್ತಾ ಬಂದರಂತೆ. ಒಂದು ದಿನ ಬಿಗಿ ಮಾಡೋದಕ್ಕೂ ಏನೂ ಉಳಿಯಲಿಲ್ಲ. ಹೋದ ಕೂಸಿನದನ್ನು ಹಾಗೇ ಇನ್ನೊಂದಕ್ಕೆ ಕಟ್ಟಬಾರದು ಅಂತ, ಎರಡನೆಯದು ಹುಟ್ಟಿದಾಗ ಅಜ್ಜಿ ನನ್ನನ್ನು ಕರಗಿಸಲು ತಂದಿದ್ದಳು.

ಹಾಗೆ ನಾನು ಒಳಲೆಯಾದೆ. ಈಗಿನವರು ನನ್ನನ್ನು ನೋಡಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಅಂಗೈಯಲ್ಲಿ ಅಡಗುವ ಬಟ್ಟಲು, ಒಂದು ಕಡೆ ಹಕ್ಕಿಯ ಕೊಕ್ಕಿನ ಹಾಗೆ ಚಾಚಿದ ಮೂತಿ. ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ನನ್ನ ಮೂತಿಯನ್ನು ಅದರ ಬಾಯಿಯ ಅಂಚಿಗೆ ಇಟ್ಟು ಹಾಲು ಹುಯ್ಯುತ್ತಾರೆ. ಮೌನೇಶಪ್ಪ ಅಜ್ಜಿಯ ಮಾತಿಗೆ ಕಟ್ಟುಬಿದ್ದು ನನ್ನನ್ನು ಉಳಿದ ಒಳಲೆಗಳಿಗಿಂತ ದೊಡ್ಡದು ಮಾಡಿದ. ಅದಕ್ಕೆ ಅಂತ ತನ್ನ ಕಡೆಯಿಂದ ಚೂರು ಬೆಳ್ಳಿಯನ್ನೂ ಸೇರಿಸಿದ. ಒಳ್ಳೆಯ ಮನುಷ್ಯ.

ಎರಡನೆಯದು ಗಂಡು, ಕೊಟ್ರೇಶ. ಹಾಲಮ್ಮನಿಗೆ ಈ ಮಗುವನ್ನು ಉಳಿಸಿಕೊಳ್ಳುವುದು ಬಿಟ್ಟರೆ ಲೋಕದಲ್ಲಿ ಬೇರೆ ಕೆಲಸವೇ ಇರಲಿಲ್ಲ. ಹಾಲು, ರಾಗಿ ಸರಿ, ಬೆಣ್ಣೆ ಕಾಸಿದ ತುಪ್ಪ, ಬೆಲ್ಲದ ನೀರು, ಎಲ್ಲ ನನ್ನಿಂದಲೇ ಇಳಿಯುತ್ತಿದ್ದವು. ಮಗು ಮುಖ ತಿರುಗಿಸಿದರೆ ಅವಳ ಮುಖ ಕಪ್ಪಾಗುತ್ತಿತ್ತು. ಹಾಗಾಗಿ ಮಗು ಮುಖ ತಿರುಗಿಸೋದನ್ನೇ ಬಿಟ್ಟಿತು. ಅಮ್ಮಂದಿರ ಮುಖವನ್ನು ಮಕ್ಕಳು ಬಲು ಬೇಗ ಓದುತ್ತವೆ. ನಾನು ನಡುವೆ ಇದ್ದವನು, ಎರಡೂ ಮುಖ ಕಂಡಿದ್ದೇನೆ.

ಆಮೇಲೆ ನನ್ನನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಹಾಕಿದರು. ಕೊಟ್ರೇಶ ಬೆಳೆದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಅವನು ಹತ್ತಿದರೆ ಅಟ್ಟದ ಮೆಟ್ಟಿಲು ನರಳುತ್ತಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೋ ಅಂತ ಅವ್ವ, ಸಾಕವ್ವ ಅಂತ ಅವನು, ಕೊನೆಗೆ ರೊಟ್ಟಿ ಮುರಿಯುವ ಸದ್ದು. ಎರಡು ಸಲ ಹೆಣ್ಣಿನ ಕಡೆಯವರು ಬಂದು ಮಂಡಕ್ಕಿ ಮಿರ್ಚಿ ತಿಂದು ಹೋದವರು ಮತ್ತೆ ಸುದ್ದಿ ಹೇಳಲಿಲ್ಲ. ಅಪ್ಪ ಎದೆ ಹಿಡಿದುಕೊಂಡು ಹೋದ ದಿನದ ಅಳುವೂ ಕೇಳಿಸಿತು.

ಕೊಟ್ರೇಶನಿಗೆ ಬಸ್‌ಸ್ಟ್ಯಾಂಡಿನಲ್ಲಿ ಕೆಲಸ ಸಿಕ್ಕಿತ್ತು, ಮೈಕಿನಲ್ಲಿ ಬಸ್ಸು ಕೂಗುವುದು. ಹರಪನಹಳ್ಳಿ ಮಾರ್ಗವಾಗಿ ಕೊಟ್ಟೂರಿಗೆ ಹೋಗುವ ಬಸ್ಸು ಅಂಕಣ ನಾಲ್ಕರಲ್ಲಿ ನಿಂತಿದೆ ಅಂತ ಅವನು ಹೇಳಿದರೆ ಎಂಥ ಗದ್ದಲದಲ್ಲೂ ಜನ ಕಿವಿಗೊಡುತ್ತಿದ್ದರಂತೆ. ತುಂಬಿದ ದನಿ. ಕೂರುವುದು ಮಾತ್ರ ಮಬ್ಬು ಗಾಜಿನ ಕೋಣೆಯ ಒಳಗೆ. ಅವನಿಗೆ ಅದೇ ಬೇಕಾಗಿತ್ತು.

ನಲವತ್ತು ಹತ್ತಿರ ಬಂದಾಗ ಆ ಕೋಣೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಉಸಿರು ಕಟ್ಟತೊಡಗಿತು. ಅಪ್ಪನ ಹಾದಿಯೇ ಹಿಡಿದಿದ್ದೀಯಪ್ಪಾ ಅಂದರು ಡಾಕ್ಟರು. ಹೊಟ್ಟೆಯನ್ನು ಹೊಲಿದು ಸಣ್ಣ ಚೀಲದಷ್ಟು ಮಾಡಿ, ಅದನ್ನು ಸೀದಾ ಕರುಳಿಗೆ ಜೋಡಿಸುವ ಆಪರೇಷನ್ ಮಾಡಿದರು. ಇನ್ನು ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು, ಸಿಹಿ ಮಾತ್ರ ಮುಟ್ಟಬಾರದು ಅಂತ ಹಾಲಮ್ಮನನ್ನು ಎದುರಿಗೆ ಕೂರಿಸಿಕೊಂಡೇ ಹೇಳಿದರಂತೆ. ಸಕ್ಕರೆ, ಬೆಲ್ಲ ಹೋದರೆ ನಿಲ್ಲದೆ ಕರುಳಿಗೆ ಇಳಿಯುತ್ತೆ. ಎದೆ ಹೊಡೆದುಕೊಂಡು, ಬೆವರಿ, ತಲೆ ಸುತ್ತಿ ಬೀಳ್ತಾರೆ. ಹಾಲಮ್ಮ ತಲೆ ಆಡಿಸಿದಳು. ಮನೆಗೆ ಬಂದು ಪಕ್ಕದ ಮನೆಯವಳ ಹತ್ತಿರ, ಬೆಲ್ಲದ ನೀರು ಯಾರಿಗೆ ಕೆಟ್ಟದ್ದು ಮಾಡೈತೆ ತಾಯಿ, ಅಂದಳು.

ಗುಟುಕು ಅಳೆಯಲು ಆಸ್ಪತ್ರೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಲೋಟ ಒಡೆಯಿತು. ಗುಟುಕು ಅಂದರೆ ಎಷ್ಟು ಅಂತ ಅಮ್ಮ ಮಗ ಇಬ್ಬರಿಗೂ ಗೊತ್ತಾಗಲಿಲ್ಲ. ಹಾಲಮ್ಮ ಟ್ರಂಕು ತೆಗೆದಳು. ಕಪ್ಪಾಗಿದ್ದ ನನ್ನನ್ನು ಹುಣಸೆಹಣ್ಣು ಹಾಕಿ ಉಜ್ಜಿದಳು. ಆಸ್ಪತ್ರೆಯ ಮಂಚದಷ್ಟು ಅಗಲದ ಆ ಮಗನ ಬಾಯಿಯ ಅಂಚಿಗೆ ನನ್ನ ಮೂತಿ ಇಟ್ಟಳು. ಅದೇ ಬಾಯಿ, ಸುತ್ತ ಈಗ ನರೆಯುತ್ತಿದ್ದ ಗಡ್ಡ ಮೊಳೆತಿತ್ತು. ಅವಳು ನಗಲು ಹೋಗಿ ಅತ್ತಳು. ಅಂದಿನಿಂದ ನಾನು ಅವನ ಚೀಲ ಸೇರಿದೆ; ಅವನು ಹೋದಲ್ಲೆಲ್ಲ ಹೋದೆ.

ಮೈ ಇಳಿಯಿತು. ಎಷ್ಟು ಇಳಿಯಿತು ಅಂದರೆ ಚರ್ಮ ಹಿಂದೆ ಉಳಿದುಬಿಟ್ಟಿತು. ಹೊಟ್ಟೆಯ ಮೇಲೆ, ತೋಳಿನ ಕೆಳಗೆ, ಮಡಿಚಿಟ್ಟ ಪಂಚೆಯ ಹಾಗೆ ಜೋತುಬಿತ್ತು. ಮೈ ಗಟ್ಟಿ ಮಾಡಿಕೊಳ್ಳಿ ಅಂದರು ಡಾಕ್ಟರು. ಹೀಗೆ ನಾವು ಜಬಿ ಉಸ್ತಾದರ ಜಿಮ್ಮಿಗೆ ಹೋದೆವು. ಜಬೀವುಲ್ಲಾ ಅಂತ ಪೂರ್ತಿ ಹೆಸರು. ತಮ್ಮ ಅಜ್ಜನ ಕಾಲದ ಗರಡಿಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿ ಕಬ್ಬಿಣ ತುಂಬಿದ್ದರು. ಕೊಟ್ರೇಶ ಮೊದಲ ದಿನವೇ ಆಪರೇಷನ್ ವಿಷಯ ಹೇಳಿ, ಬಾಟಲಿಯಲ್ಲಿದ್ದ ಕಂದು ಪುಡಿಯ ನೀರನ್ನು ನನಗೆ ಬಗ್ಗಿಸಿ ಕುಡಿದ. ಡಾಕ್ಟರು ಬರೆದುಕೊಟ್ಟಿದ್ದ, ಸಕ್ಕರೆಯಿಲ್ಲದೆಯೂ ಸಿಹಿಯಾಗಿರುವ ಪ್ರೋಟೀನ್ ಪುಡಿ ಅದು. ಹುಡುಗರ ಗುಂಪಿನಿಂದ ಒಬ್ಬ, "ಏನಣ್ಣಾ, ಒಳಲೆ ತಂದೀರಿ, ತೊಟ್ಟಿಲು ಎಲ್ಲಿ?" ಅಂದ.

ಕೊಟ್ರೇಶ ನನ್ನನ್ನು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ. ತೊಟ್ಟಿಲು ಅಂಕಣ ಎರಡರಲ್ಲಿ ನಿಂತಿದೆ," ಅಂದ.

ಶೆಡ್ಡೆಲ್ಲ ಬಿದ್ದು ಬಿದ್ದು ನಕ್ಕಿತು. ಆ ದನಿ ನಿಮ್ಮದಾ ಅಂತ ಎಲ್ಲರೂ ಸುತ್ತ ಬಂದರು. ನಾವು ಕಾಲೇಜಿನ ಬಸ್ಸು ಹಿಡಿದದ್ದೇ ನಿಮ್ಮಿಂದ ಅಂದರು. ನಾನು ನೆಲದಿಂದ ನೋಡುತ್ತಿದ್ದೆ. ಅವನು ಕಣ್ಣು ಎಲ್ಲಿಡಬೇಕು ಅಂತ ತಿಳಿಯದೆ ನನ್ನ ಕಡೆಗೇ ನೋಡಿದ.

ವರ್ಷಗಳು ಕಳೆದವು. ಬೆಳಗ್ಗೆ ಜಿಮ್ಮು, ಆಮೇಲೆ ಮೈಕು. ಎಷ್ಟೋ ವರ್ಷ ಆ ಭಾರ ಹೊತ್ತ ಬೆನ್ನು, ಭಾರ ಹೋದಮೇಲೆ ಒಳಗಿನಿಂದ ಎದ್ದು ಬಂತು. ಉಸ್ತಾದರು ಒಂದು ದಿನ ಅವನನ್ನು ಎರಡು ಕನ್ನಡಿಗಳ ನಡುವೆ ನಿಲ್ಲಿಸಿ, ಹೊಟ್ಟೆಯ ಚರ್ಮ ಹೋಗಲಿ ಅಣ್ಣಾ, ಈ ಬೆನ್ನು ಈ ಜಿಲ್ಲೆಯಲ್ಲೇ ಯಾರದೂ ಇಲ್ಲ ಅಂದರು. ನಲವತ್ತು ದಾಟಿದವರಿಗೆ ಜಿಲ್ಲಾ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಬೇರೆ ವಿಭಾಗ ಐತೆ, ನಿಲ್ಲುತ್ತೀರಾ ಅಂತ ಕೇಳಿದರು. ನಗುತ್ತಾನೆ ಅಂದುಕೊಂಡೆ. ಅವನು ನಗಲಿಲ್ಲ.

"ಊರೆಲ್ಲ ನನ್ನ ದನಿ ಕೇಳೈತೆ ಉಸ್ತಾದ್. ಮೈ ಯಾರೂ ನೋಡಿಲ್ಲ. ಗೆಲ್ಲೋದೇನು ಬೇಡ. ಒಂದೇ ಒಂದ್ಸಲ ನನ್ನ ಹೆಸರು ಕೂಗಬೇಕು, ನಾನು ಹೋಗಿ ದೀಪದಡಿ ನಿಲ್ಲಬೇಕು. ಅವ್ವ ಮುಂದಿನ ಸಾಲಿನಾಗೆ ಕುಂತು ನೋಡಬೇಕು."

ಆದರೆ ಅವ್ವನ ಕಣ್ಣಿಗೆ ಕಾಣುತ್ತಿದ್ದದ್ದೇ ಬೇರೆ. ಸ್ಪರ್ಧೆ ಹತ್ತಿರ ಬಂದ ಹಾಗೆ ಅವನ ಕೆನ್ನೆ ಒಳಗೆ ಹೋಯಿತು, ಕುತ್ತಿಗೆಯ ನರ ಎದ್ದವು. ನಿಮ್ಮ ಮಗನಿಗೆ ಏನಾಗೈತೆ ಅಂತ ಓಣಿಯವರು ಕೇಳತೊಡಗಿದರು. ಹಾಲಮ್ಮ ರಾತ್ರಿ ನನ್ನನ್ನು ತೊಳೆದು ಒರೆಸುವಾಗ ಬೆರಳು ನನ್ನ ಅಂಚಿನ ಸುತ್ತ ಸುಮ್ಮನೆ ಸುತ್ತುತ್ತಿತ್ತು. ಉಡದಾರ ಬಿಗಿ ಮಾಡಿದ ಬೆರಳು ಅದು. ಸೊರಗುವುದು ಅಂದರೆ ಏನು ಅಂತ ಅವಳಿಗೆ ಒಂದೇ ಅರ್ಥ ಗೊತ್ತಿತ್ತು.

ಸ್ಪರ್ಧೆ ಹೈಸ್ಕೂಲ್ ಮೈದಾನದಲ್ಲಿ. ಸ್ಪರ್ಧಿಗಳಿಗೆ ತಯಾರಾಗಲು ಒಂದು ತರಗತಿ ಕೋಣೆ ಬಿಟ್ಟುಕೊಟ್ಟಿದ್ದರು. ಮಗನ ಹೆಸರು ಕೂಗುವ ತನಕ ಗುಟುಕು ಹಾಕಲು ಹಾಲಮ್ಮ ಬಾಟಲಿಯನ್ನೂ ನನ್ನನ್ನೂ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಳು. ವೇದಿಕೆಗೆ ಹೋಗುವ ಮುಂಚೆ ಬೆಲ್ಲ ಶೇಂಗಾ ತಿಂದರೆ ನರ ಉಬ್ಬಿ ಕಾಣುತ್ತವೆ ಅಂತ ಉಸ್ತಾದರ ಪದ್ಧತಿ. ಹುಡುಗರು ಗೋಡೆಗೆ ಒರಗಿ ಸಾಲಾಗಿ ಕೂತರು. ಉಸ್ತಾದರು ತಟ್ಟೆ ಹಿಡಿದು ಒಬ್ಬೊಬ್ಬರ ಕೈಗೂ ಶೇಂಗಾ, ಬೆಲ್ಲದ ತುಂಡು ಹಾಕುತ್ತಾ ಬಂದರು. ಕೊಟ್ರೇಶನ ಮುಂದೆ ಬಂದಾಗ ಭುಜ ತಟ್ಟಿ ಮುಂದೆ ಹೋದರು.

ಹಾಲಮ್ಮ ಕೇಳಿಯೇಬಿಟ್ಟಳು. "ನನ್ನ ಮಗನಿಗೆ?"

"ಅವರಿಗೆ ಬೇಡಮ್ಮಾ. ಡಾಕ್ಟರು ಬೇಡ ಅಂದಾರಲ್ಲ."

ಅವಳ ಮಡಿಲು ಬಿಸಿಯಾಯಿತು, ನನಗೆ ಗೊತ್ತು. ಅವಳ ಮನೆಯಲ್ಲಿ ಸಾಲಿನಲ್ಲಿ ಕೂತವರಿಗೆ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಿಟ್ಟದ್ದಿಲ್ಲ. ದಾರಿಹೋಕ ಬಂದು ಕೂತರೂ ಎಲ್ಲರ ಎಲೆಗೆ ಬಿದ್ದದ್ದು ಅವನ ಎಲೆಗೂ ಬೀಳಬೇಕು. ಇಲ್ಲಿ ಎಲ್ಲರ ಮಕ್ಕಳೂ ಬೆಲ್ಲ ತಿನ್ನುತ್ತಿದ್ದರು. ಅವರೆಲ್ಲರಿಗಿಂತ ಸೊರಗಿದ ತನ್ನ ಮಗ ಬರಿಗೈಯಲ್ಲಿ ಕೂತಿದ್ದ. ಅವನು ಮೈಗೆ ಎಣ್ಣೆ ಹಚ್ಚಿಸಿಕೊಳ್ಳಲು ಎದ್ದು ಹೋದಾಗ ಅವಳು ತಟ್ಟೆಯಲ್ಲಿ ಉಳಿದಿದ್ದ ಬೆಲ್ಲವನ್ನು ತೆಗೆದುಕೊಂಡು ಪುಡಿ ಮಾಡಿ ಬಾಟಲಿಗೆ ಹಾಕಿ ಅಲುಗಿಸಿದಳು. ಕಂದು ನೀರಿನಲ್ಲಿ ಕಂದು ಬೆಲ್ಲ. ಅವಳ ಮುಖದಲ್ಲಿ ಕಳ್ಳತನ ಇರಲಿಲ್ಲ. ಉಣ್ಣಿಸುವವರ ಮುಖ ಹೇಗಿರುತ್ತೋ ಹಾಗೇ ಇತ್ತು.

ನಾನು ಒಳಲೆ. ಹುಯ್ದದ್ದನ್ನು ಹಿಡಿಯುವುದು, ಬಾಗಿಸಿದರೆ ಬಿಡುವುದು, ಇಷ್ಟೇ ನನ್ನ ಕೈಯಲ್ಲಿರುವುದು.

ಚರ್ಮ ತೆಳುವಾಗಿ ಕಾಣಲಿ ಅಂತ ಹಿಂದಿನ ದಿನದಿಂದ ನೀರು ಕಡಿಮೆ ಕುಡಿದಿದ್ದ ಅವನ ಬಾಯಿ ಹೆದರಿಕೆಗೆ ಇನ್ನಷ್ಟು ಒಣಗಿತ್ತು. ಪುಡಿ ಯಾವತ್ತೂ ಸಿಹಿಯೇ ಆದ್ದರಿಂದ ಅವನಿಗೆ ಅನುಮಾನ ಬರಲಿಲ್ಲ. ಒಂದು ಒಳಲೆ ಕುಡಿದ, ಇನ್ನೊಂದು ಕೇಳಿದ, ಮತ್ತೊಂದನ್ನು ಹಾಲಮ್ಮ ತಾನೇ ಹಾಕಿದಳು. ಹೊರಗೆ ನಲವತ್ತು ದಾಟಿದವರ ಸರದಿ ಅಂತ ಕೂಗಿದರು. ಕೊಟ್ರೇಶ ಎದ್ದು ಬಾಗಿಲ ತನಕ ನಡೆದ. ಅಲ್ಲಿ ಎಣ್ಣೆಯ ಮೇಲೆ ಬೆವರು ಒಡೆಯಿತು. ಚೌಕಟ್ಟು ಹಿಡಿದ. ಮೊಣಕಾಲು ಮಡಿಚಿ ನೆಲಕ್ಕೆ ಬಂದ.

ಮೈದಾನದ ಮೈಕು ಅವನ ಹೆಸರು ಕರೆಯಿತು. ಕೊಟ್ರೇಶ್ ಎಲ್ಲಿದ್ದರೂ ವೇದಿಕೆಗೆ ಬರಬೇಕು. ಸ್ವಲ್ಪ ಬಿಟ್ಟು ಮತ್ತೆ ಕರೆಯಿತು. ಇದು ಕೊನೆಯ ಕರೆ ಅಂತ ಇನ್ನೊಮ್ಮೆ. ಜನ್ಮವಿಡೀ ಬೇರೆಯವರಿಗೆ ಕೊನೆಯ ಕರೆ ಕೊಟ್ಟವನು ಕಣ್ಣು ಮುಚ್ಚಿ ತನ್ನದನ್ನು ಕೇಳಿಸಿಕೊಂಡ. ಆಮೇಲೆ ಬೇರೆ ಯಾರದೋ ಹೆಸರು ಕರೆದರು, ಚಪ್ಪಾಳೆ ಬಿತ್ತು.

ಏನು ಕುಡಿದಿರಿ ಅಂತ ಉಸ್ತಾದರು ಅವನ ಕೆನ್ನೆ ತಟ್ಟುತ್ತಿದ್ದರು. ಹಾಲಮ್ಮ ನೆಲಕ್ಕೆ ಕೂತು, ಒಣಗಿಸಿ ಒಣಗಿಸಿ ಇದೊಂದನ್ನೂ ಕಳೆದಿರಲ್ಲೋ ಅಂತ ಎದೆ ಬಡಿದುಕೊಳ್ಳುತ್ತಿದ್ದಳು. ಕೊಟ್ರೇಶ ಕಣ್ಣು ಬಿಟ್ಟಾಗ ಅವನ ಮುಖದ ಪಕ್ಕ ನಾನು ಬಿದ್ದಿದ್ದೆ. ನನ್ನ ತಳದಲ್ಲಿ ಕರಗದ ಬೆಲ್ಲದ ಹರಳು ಇತ್ತು. ಅವನು ಅದನ್ನು ನೋಡಿದ, ಅವ್ವನನ್ನು ನೋಡಿದ. ನನ್ನನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಳವನ್ನು ಒರೆಸಿಬಿಟ್ಟ.

"ನೀರು ಕಮ್ಮಿ ಆತು ಉಸ್ತಾದ್," ಅಂದ.

ಮುಂದಿನ ವರ್ಷ ಉಸ್ತಾದರು ಮನೆಗೆ ಬಂದರು. ಈ ಸಲ ನೀರು ನಿಲ್ಲಿಸುವುದು ಬೇಡ, ಬೆನ್ನು ಇನ್ನೂ ಚೆನ್ನಾಗೈತೆ, ಬನ್ನಿ ಅಂದರು. ಹಾಲಮ್ಮ ಬಾಗಿಲಿಗೆ ಅಡ್ಡ ನಿಂತಳು. ನನ್ನ ಹೆಣ ದಾಟಿ ಹೋಗಲಿ ಅಂದಳು. ಸೊರಗಿ ಬಿದ್ದದ್ದಲ್ಲವ್ವ, ನೀನು ಹಾಕಿದ ಬೆಲ್ಲದಿಂದ ಬಿದ್ದದ್ದು. ಇಷ್ಟು ಮಾತು ಕೊಟ್ರೇಶ ಆಡಿದ್ದರೆ ಬಾಗಿಲು ತೆರೆಯುತ್ತಿತ್ತು. ಅಷ್ಟು ದೊಡ್ಡ ದನಿಯವನು ಆ ಮಾತನ್ನು ಆಡಲಿಲ್ಲ. ಒಂದು ಕೂಸನ್ನು ಕಳೆದುಕೊಂಡವಳಿಗೆ, ಇನ್ನೊಂದನ್ನು ನೀನೇ ಕೆಡವಿದೆ ಅಂತ ಹೇಗೆ ಹೇಳುವುದು? ಬೇಡ ಉಸ್ತಾದ್ ಅಂದ, ಅಷ್ಟೇ.

ಉಸ್ತಾದರು ಚಪ್ಪಲಿ ಮೆಟ್ಟುತ್ತಾ, "ಅವತ್ತು ಬಾಟಲಿ ತೊಳೆದದ್ದು ನಾನೇ ಅಣ್ಣಾ," ಅಂತ ಮೆಲ್ಲಗೆ ಹೇಳಿದರು.

"ಹಂಗಾದ್ರೆ ನೀವೂ ಸುಮ್ಮನಿದ್ದುಬಿಡ್ರಿ."

ಅವನು ಜಿಮ್ಮು ಬಿಡಲಿಲ್ಲ. ಸ್ಪರ್ಧೆಯ ಮಾತು ಬಿಟ್ಟ. ಆ ಬೆನ್ನನ್ನು ಕನ್ನಡಿ ಬಿಟ್ಟರೆ ಯಾರೂ ನೋಡಲಿಲ್ಲ.

ನನಗೂ ವಯಸ್ಸಾಯಿತು. ಮೂತಿ ಒಂದು ಕಡೆ ಸೊಟ್ಟಗಾಗಿದೆ, ತಳ ತೆಳುವಾಗಿದೆ. ಈಗ ನಾನು ಹಾಲಮ್ಮನ ಮಂಚದ ಪಕ್ಕದ ಗೂಡಿನಲ್ಲಿದ್ದೇನೆ. ಅವಳಿಗೆ ಒಂದು ಕಡೆಯ ಕೈಕಾಲು ಬಿದ್ದು ಹೋಗಿದೆ. ಲೋಟದ ನೀರು ಗಂಟಲಿಗೆ ಇಳಿಯುವುದಿಲ್ಲ. ಕೊಟ್ರೇಶ ಅವಳ ತಲೆಯನ್ನು ತೋಳಿನ ಮೇಲಿಟ್ಟುಕೊಂಡು ನನ್ನಿಂದ ಹಾಕುತ್ತಾನೆ. ಇಷ್ಟು ಕಾಲ ಬಾಳಿ ನನಗೆ ತಿಳಿದದ್ದು ಒಂದೇ. ಹುಯ್ಯುವ ಕೈಗೆ ಪ್ರೀತಿ ಕಾಣುತ್ತದೆ, ಕುಡಿಯುವ ಹೊಟ್ಟೆಗೆ ಏನಾಯಿತು ಅನ್ನುವುದು ಕಾಣುವುದಿಲ್ಲ. ಎರಡನ್ನೂ ಬಲ್ಲ ನನಗೆ ಬಾಯಿಲ್ಲ, ಬರೀ ಮೂತಿ.

ಇವತ್ತು ಮಧ್ಯಾಹ್ನ ಹಾಲಮ್ಮ ನೀರು ಬೇಡ ಅಂದಳು. ಬೆಲ್ಲ ಹಾಕಿ ತಾ ಅಂದಳು. ಅವನು ಗಟ್ಟಿಯಾಗಿ ಕದಡಿ ತಂದ. ಅರ್ಧ ಕುಡಿದವಳು ಬಾಯಿ ಮುಚ್ಚಿ, ಚೆನ್ನಾಗಿದ್ದ ಕೈಯಿಂದ ನನ್ನನ್ನು ಅವನ ಕಡೆಗೆ ತಳ್ಳಿದಳು.

"ನೀನೂ ಕುಡಿಯಪ್ಪಾ. ಸೊರಗಿದಿ. ಅವತ್ತು ಇಸ್ಕೂಲಿನಾಗೆ ಬಿದ್ದಿಯಲ್ಲ, ನಾನು ಯಾರಿಗೂ ಹೇಳದಂಗೆ ಬೆಲ್ಲ ಹಾಕಿದ್ದೆ. ಅದಕ್ಕೇ ನೀನು ಉಳಿದಿ."

ಅವನು ಅವಳನ್ನೇ ನೋಡಿದ. "ಹೌದವ್ವ," ಅಂದ. "ಅದಕ್ಕೇ ಉಳಿದೆ."

ನನ್ನಲ್ಲಿದ್ದದ್ದನ್ನು ಎತ್ತಿ ಕುಡಿದ. ಅವಳಿಗೆ ಸಾಲಲಿಲ್ಲ, ಪಾತ್ರೆಯನ್ನು ಕಣ್ಣಿನಲ್ಲೇ ತೋರಿಸಿದಳು. ಇನ್ನೊಂದು ಬಗ್ಗಿಸಿಕೊಂಡು ಅದನ್ನೂ ಕುಡಿದ. ಹಾಲಮ್ಮ ಸಮಾಧಾನವಾಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವನು ಸದ್ದಾಗದ ಹಾಗೆ ಮಂಚದಿಂದ ಇಳಿದು, ನೆಲದ ಮೇಲೆ ಕೂತು, ಮಂಚದ ಕಾಲಿಗೆ ಆ ಅಗಲದ ಬೆನ್ನನ್ನು ಒರಗಿಸಿದ. ನನ್ನನ್ನು ಹಿಡಿದಿದ್ದ ಹೆಬ್ಬೆರಳಿನಲ್ಲಿ ನಾಡಿ ಓಡುತ್ತಿತ್ತು. ಅವನ ಹಣೆಯಿಂದ ಒಂದು ಹನಿ ಬೆವರು ನನ್ನೊಳಗೆ ಬಿತ್ತು, ಅದರ ಹಿಂದೆ ಇನ್ನೊಂದು.