ಒಬ್ಬರ ದಾನ ನಂಬಿದ ಹಾಸ್ಟೆಲು

೧೯೭೯ರ ಜನವರಿ. ಕೃಷ್ಣಪ್ಪ ಕಣದಲ್ಲಿ ರಾಗಿ ತೂರುತ್ತಿದ್ದ. ಹಾರನಹಳ್ಳಿಯ ಉಚಿತ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು ಟ್ರಂಕು ಹೊತ್ತು ಬಂದಳು. ಹಿಂದೆಯೇ ಹಾಸ್ಟೆಲ್ ನೋಡಿಕೊಳ್ಳುವ ಜಿನಮತಿ ಬಂದರು.

"ಯಾಕವ್ವಾ, ರಜ ಕೊಟ್ರಾ?" ಎಂದ ಕೃಷ್ಣಪ್ಪ.

"ರಜ ಅಲ್ಲ ಕೃಷ್ಣಪ್ಪ. ಹಾಸ್ಟೆಲ್ ಮುಚ್ತಾ ಇದೀವಿ. ನಾಳೆ ಬೇಯಿಸೋಕೆ ಕಾಳಿಲ್ಲ," ಎಂದರು ಜಿನಮತಿ.

ಒಂಬತ್ತು ವರ್ಷದಿಂದ ಹಾಸ್ಟೆಲಿನ ಪೂರ್ತಿ ಖರ್ಚು ಕೊಡುತ್ತಿದ್ದವರು ಅರಸೀಕೆರೆಯ ಒಬ್ಬ ಕೊಬ್ಬರಿ ವ್ಯಾಪಾರಿ. ಈ ಸಲ ಅವರು, ಎರಡು ಕೋಣೆ ಖಾಲಿ ಮಾಡಿ ಕೊಬ್ಬರಿ ಮೂಟೆ ಇಡಲು ಕೊಡಿ ಎಂದರು. ಅಲ್ಲಿ ಹನ್ನೆರಡು ಹುಡುಗಿಯರು ಮಲಗುತ್ತಿದ್ದರು. ಜಿನಮತಿ ಆಗುವುದಿಲ್ಲ ಎಂದರು. ಮರುವಾರದಿಂದಲೇ ದಿನಸಿ ನಿಂತಿತು.

"ದೊಡ್ಡೋರ ಹತ್ರ ಹಠ ಮಾಡೋದಾ ಅಮ್ಮಾರೇ? ಹೋಗಿ ಕಾಲು ಹಿಡ್ಕಳ್ಳಿ. ದಾನ ಧರ್ಮ ಉಳ್ಳೋರ ಕೆಲ್ಸ. ನಮ್ಮಂತೋರ ಕೈಲಿ ಏನಾಯ್ತದೆ?" ಎಂದ ಕೃಷ್ಣಪ್ಪ.

ಜಿನಮತಿಗೆ ಮೈಯೆಲ್ಲ ಉರಿಯಿತು.

"ನಿಮ್ಮ ಮಗಳು ಮೂರು ವರ್ಷ ಅಲ್ಲಿ ಉಂಡಿದ್ದಾಳೆ. ಆ ಅನ್ನ ಎಲ್ಲಿಂದ ಬರ್ತದೆ ಅಂತ ಒಂದು ದಿನ ಕೇಳಿದ್ರಾ? ಮೂವತ್ತು ಹುಡುಗೀರು, ಹನ್ನೆರಡು ಊರು. ಒಂದೂರಿನೋರೂ ಕೇಳ್ಲಿಲ್ಲ. ನನಗೆ ಆ ಸಾಹುಕಾರರ ಮೇಲೆ ಸಿಟ್ಟಿದೆ. ನಿಮ್ಮ ಮೇಲೆ ಅದಕ್ಕಿಂತ ಸಿಟ್ಟಿದೆ. ನನ್ನ ಮೇಲೂ ಇದೆ. ಒಬ್ಬರು ಕೊಡ್ತಾರಲ್ಲ ಅಂತ ನಾನೂ ಕೂತುಬಿಟ್ಟೆ. ಒಂದು ತಿಂಗಳಿಗಾಗೋಷ್ಟೂ ಎತ್ತಿಡ್ಲಿಲ್ಲ."

ಕಣದ ಅಂಚಿನಲ್ಲಿ ಕಾಳು ಗುಡಿಸುತ್ತಿದ್ದ ಕೃಷ್ಣಪ್ಪನ ಹೆಂಡತಿ ಹುಚ್ಚಮ್ಮ ಪೊರಕೆ ಎಸೆದು ಎದ್ದಳು. "ಪರೀಕ್ಷೆಗೆ ಎಲ್ಡು ತಿಂಗಳೈತೆ. ಕಾಲು ಹಿಡೀರಿ ಅಂತೀರಲ್ಲ, ಇಷ್ಟು ರಾಶಿ ಮುಂದಿಟ್ಕಂಡು? ಅರ್ಧ ಮೂಟೆ ಕೊಟ್ರೆ ನಾವೇನು ಉಪಾಸ ಬೀಳ್ತೀವಾ?"

"ನಾವೊಬ್ರು ಕೊಟ್ರೆ ಮೂವತ್ತು ಹೊಟ್ಟೆ ತುಂಬ್ತದೇನೇ?"

"ಅದಕ್ಕೇ ಒಬ್ಬರು ಕೊಟ್ರೆ ಸಾಲದು," ಎಂದರು ಜಿನಮತಿ. "ಸುಗ್ಗೀಲಿ ಮನೆಗೆ ಹತ್ತು ಸೇರು ರಾಗಿ. ತೋಟ ಇದ್ದೋರು ಕಾಯಿ ಕೀಳಿಸಿದಾಗ ಐದು ಕಾಯಿ. ಅಂಗಡಿಯೋರು ತಿಂಗಳಿಗೆ ಎರಡು ರೂಪಾಯಿ. ಮೂರು ತಿಂಗಳ ಊಟಕ್ಕಾಗೋಷ್ಟು ಕಷ್ಟಕಾಲಕ್ಕೆ ಅಂತ ಎತ್ತಿಡ್ತೀವಿ. ಲೆಕ್ಕಾನ ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದ್ತೀವಿ."

"ನಡುವೆ ಯಾರಾರ ತಿಂದಾಕಿದ್ರೆ?" ಎಂದ ಕೃಷ್ಣಪ್ಪ.

"ಬಂದು ಕೇಳಿ. ಕೇಳೋರು ಇಲ್ದೇ ಇದ್ದಿದ್ದಕ್ಕೇ ಈ ಗತಿ ಬಂದಿದ್ದು."

ಕೃಷ್ಣಪ್ಪ ಮಗಳ ಕಡೆ ನೋಡಿದ. ಅವಳು ಟ್ರಂಕಿನ ಮೇಲೆ ಮುಖ ಮುಚ್ಚಿ ಕೂತಿದ್ದಳು. ಅವನು ಮೊರ ಕೆಳಗಿಟ್ಟ. ಅರ್ಧ ಮೂಟೆ ರಾಗಿ ತುಂಬಿ ಗಾಡಿ ಕಟ್ಟಿದ. ದಾರಿಯಲ್ಲಿ ಸಿಕ್ಕ ಕಣಗಳಲ್ಲೆಲ್ಲ ಗಾಡಿ ನಿಲ್ಲಿಸಿ, ಜಿನಮತಿ ತನಗೆ ಬೈದದ್ದನ್ನೇ ಅಲ್ಲಿನವರಿಗೆ ಬೈದ. ಹಾರನಹಳ್ಳಿ ಸೇರುವಾಗ ಗಾಡಿಯಲ್ಲಿ ಹನ್ನೊಂದು ಮನೆಗಳ ರಾಗಿ ಇತ್ತು. ಹಾಸ್ಟೆಲಿನ ಒಲೆ ಮತ್ತೆ ಹತ್ತಿತು, ಉಳಿದ ಊರುಗಳವರೂ ಜಿನಮತಿ ಹೇಳಿದಂತೆ ಕೊಡತೊಡಗಿದರು. ಮಗಳು ಅಲ್ಲೇ ಇದ್ದು ಪರೀಕ್ಷೆ ಬರೆದಳು.

ಎರಡು ವರ್ಷದ ಮೇಲೆ ಕಾಯಿ ಬೆಲೆ ಬಿತ್ತು. ಕೊಡುವವರಲ್ಲಿ ಅರ್ಧ ಜನ ಕೈಚೆಲ್ಲಿದರು. ಆದರೂ ಎತ್ತಿಟ್ಟಿದ್ದ ರಾಗಿಯಲ್ಲಿ ಹಾಸ್ಟೆಲು ಆ ಬೇಸಿಗೆ ದಾಟಿತು. ಜಿನಮತಿ ಯಾರ ಕಾಲನ್ನೂ ಹಿಡಿಯಲಿಲ್ಲ.

ಓದುಗರೇ, ನಿಮ್ಮೂರಿನಲ್ಲೂ ಇಂಥದೊಂದು ಹಾಸ್ಟೆಲೋ, ಧರ್ಮಾಸ್ಪತ್ರೆಯೋ, ಅನಾಥಾಲಯವೋ ಇರುತ್ತದೆ. ಅದು ಹೇಗೆ ನಡೆಯುತ್ತಿದೆಯೆಂದು ಈ ವಾರವೇ ಹೋಗಿ ಕೇಳಿ. ಒಬ್ಬರೇ ಕೊಡುತ್ತಿದ್ದಾರೆ ಎಂದರೆ ಸಮಾಧಾನಪಟ್ಟುಕೊಂಡು ಬರಬೇಡಿ. ನೀವೂ ಕೊಡಿ. ಕಷ್ಟಕಾಲಕ್ಕೆ ಒಂದು ಪಾಲು ಎತ್ತಿಡಿಸಿ. ಲೆಕ್ಕ ಕೇಳಿ. ಬಾಗಿಲು ಹಾಕಿದ ಮೇಲೆ ನೀವು ಅಯ್ಯೋ ಪಾಪ ಎಂದರೆ ಒಂದು ಮಗುವಿನ ಹೊಟ್ಟೆಯೂ ತುಂಬುವುದಿಲ್ಲ.