ಕೆಮ್ಮಬಾರದ ದಾರಿ

ಅಳ್ನಾವರದಲ್ಲಿ ದಾಂಡೇಲಿ ಕಡೆಯ ಅಂಬೇವಾಡಿ ರೈಲು ಹತ್ತಿದಾಗಿನಿಂದ ನಾಗಲಿಂಗಪ್ಪನ ಮೂಗಿಗೆ ಬಿಡುವೇ ಇರಲಿಲ್ಲ. ಎಲ್ಲಿ ಹೊಗೆ, ಯಾವನ ಕೈಯಲ್ಲಿ ಬೀಡಿ ಎಂದು ಕುತ್ತಿಗೆ ಚಾಚಿ ಡಬ್ಬಿಯೆಲ್ಲ ಶೋಧಿಸುತ್ತಿದ್ದ. ಊರಲ್ಲಿ ಗುಟ್ಕಾ ಉಗುಳಿ ಪಂಚಾಯ್ತಿ ಗೋಡೆ ಕೆಂಪು ಮಾಡಿದವನೂ ಇವನೇ. ಇವತ್ತು ಮಾತ್ರ ಸರಕಾರಕ್ಕಿಂತ ದೊಡ್ಡ ಸರಕಾರ.

ಕಾರಣ, ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗಳು ಪೂರ್ಣಿಮಾ. ಅವಳಿಗೆ ಸಣ್ಣಂದಿನಿಂದ ದಮ್ಮು. ಹೊಗೆ ತಾಗಿದರೆ ಕೆಮ್ಮು ಹತ್ತುತ್ತದೆ, ಹತ್ತಿದರೆ ಬೇಗ ಬಿಡುವುದಿಲ್ಲ. ಈ ಸಂಗತಿಯನ್ನು ಗಂಡಿನ ಕಡೆಯವರಿಗೆ ಯಾರೂ ಹೇಳಿರಲಿಲ್ಲ. ಧಾರವಾಡದ ಗಂಡು, ಹಳಿಯಾಳ ಕಡೆಯ ಇವರ ಹಳ್ಳಿಗೆ ಬಂದು ಅವಲಕ್ಕಿ ತಿನ್ನುವಷ್ಟು ಪುರುಸೊತ್ತು ಅವರಿಗೆಲ್ಲಿ? ದಾಂಡೇಲಿ ಹತ್ತಿರದ ಮೌಳಂಗಿಯ ಪಾರ್ಕಿನಲ್ಲಿ ಹೊಳೆ ನೋಡಿದಂತೆಯೂ ಆಯಿತು, ಹೆಣ್ಣು ನೋಡಿದಂತೆಯೂ ಆಯಿತು ಎಂದು ಫೋನಿನಲ್ಲೇ ಗೊತ್ತು ಮಾಡಿದ್ದರು. ಹೀಗಾಗಿ ಇವರು ಅವರ ಮುಖವನ್ನೂ ಸರಿಯಾಗಿ ಕಂಡಿರಲಿಲ್ಲ.

"ಅವ್ರ ಮುಂದ ಒಂದ ಸರ್ತಿನೂ ಕೆಮ್ಮಬ್ಯಾಡವ್ವಾ," ತಾಯಿ ನೀಲಕ್ಕ ಕಿವಿಯಲ್ಲಿ ಹೇಳಿದಳು. "ತಿರಗಿ ಹೋಗಬೇಕಾದ್ರ ಎಷ್ಟ ಬೇಕಷ್ಟ ಕೆಮ್ಮು."

ಬಾಗಿಲ ಬಳಿ ಮುಂಡಗೋಡ ಕಡೆಯ ಲಂಬಾಣಿ ತಾಂಡಾದ ಲಾಲು ನಿಂತಿದ್ದ. ಅವನ ಹೆಂಡತಿ ಗೋಪಿಬಾಯಿ ಗಂಟುಮೂಟೆಯ ಮೇಲೆ ಕೂತಿದ್ದಳು. ದಾಂಡೇಲಿಯಲ್ಲಿ ಯಾವುದೋ ಕಟ್ಟಡದ ಕೆಲಸಕ್ಕೆ ಹೊರಟವರು. ಲಾಲು ಬೀಡಿ ಹಚ್ಚಿದ್ದೇ ತಡ, ನಾಗಲಿಂಗಪ್ಪ ಎದ್ದ.

"ಏ ತಾಂಡಾದಾಂವ! ಆರಸು ಮೊದ್ಲ. ಟ್ರೇನ್ ನಿಮ್ಮಪ್ಪಂದೇನು?"

"ಹೊಗಿ ಹೊರಗ ಬಿಡಾಕತ್ತೇನ್ರಿ."

"ನಿನ್ನ ಮಾತ ಕೇಳಿ ಹೊರಗ ಹೋಗಾಕ ಹೊಗಿ ನಿನ್ನ ಹೇಣ್ತಿ ಏನು? ಹೆಣ್ಮಕ್ಕಳು ಕುಂತಾರ. ಕಾಯ್ದೆ ಐತಿ, ಕಾಯ್ದೆ!" ಎಂದವನೇ ಬೀಡಿ ಕಿತ್ತು ಹೊರಗೆಸೆದ.

"ಹೊಸಾ ಬೀಡಿ ಇತ್ತೋ ಯಪ್ಪಾ," ಎಂದಳು ಗೋಪಿಬಾಯಿ.

ಎದುರಿಗೆ ಕೂತಿದ್ದ ಮುದುಕನೊಬ್ಬ, "ಸೇದಾವ್ರಿಗಂತ ಒಂದ ಡಬ್ಬಿ ಬ್ಯಾರೆ ಬಿಟ್ರ ಈ ಜಗಳನ ಇರೂದಿಲ್ಲ ನೋಡ್ರಿ," ಎಂದ.

"ಬಿಡ್ರಿ, ಬಿಡ್ರಿ! ಕುಡ್ಯಾವ್ರಿಗೊಂದ ಡಬ್ಬಿ, ಇಸ್ಪೀಟ ಆಡಾವ್ರಿಗೊಂದ ಡಬ್ಬಿ. ಮನಶ್ಯಾರು ಟ್ರೇನಿನ ಮ್ಯಾಲ ಹತ್ತಿ ಕುಂಡ್ರಲಿ," ಎಂದ ನಾಗಲಿಂಗಪ್ಪ.

ಡಬ್ಬಿಯೇ ನಕ್ಕಿತು. ಕಾಕಾ ಹೇಳಿದ್ದು ಸರಿ ಎಂದೇ ಪೂರ್ಣಿಮಾಗೆ ಅನ್ನಿಸಿತು. ಹೇಳಿದ ರೀತಿಗೆ ಮಾತ್ರ ತಲೆ ತಗ್ಗಿಸಿದಳು.

ಅಷ್ಟರಲ್ಲಿ ನಾಗಲಿಂಗಪ್ಪನ ಫೋನು ಬಡಿದುಕೊಂಡಿತು. "ಹೌದೇನ್ರಿ! ನೀವೂ ಇದ ಟ್ರೇನಿನ್ಯಾಗ ಅದೀರಿ? ಬರ್ರಿ, ಬರ್ರಿ, ಇಲ್ಲೇ ಬರ್ರಿ!"

ಪಕ್ಕದ ಡಬ್ಬಿಯಿಂದ ಗಂಡಿನ ತಂದೆ ಈಶಪ್ಪ ಬಂದ; ಇಸ್ತ್ರಿಯ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಹಿಂದೆ ಮಗ ರುದ್ರೇಶ. ನಾಗಲಿಂಗಪ್ಪ ತನ್ನ ಹೆಗಲ ಮೇಲಿನ ಟವೆಲಿನಿಂದಲೇ ಸೀಟು ಝಾಡಿಸಿದ. ಈಶಪ್ಪ ಕೂತ, ಹುಡುಗಿಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ, ಆಮೇಲೆ ತಿರುಗಿಯೂ ನೋಡದೆ ಎರಡು ಬೆರಳನ್ನು ಮಗನ ಕಡೆ ಚಾಚಿದ. ಮಗ ತನ್ನ ಜೇಬಿನಿಂದ ಸಿಗರೇಟು ತೆಗೆದು ಆ ಬೆರಳ ಸಂದಿಯಲ್ಲಿಟ್ಟ, ಲೈಟರ್ ಹಚ್ಚಿ ಹಿಡಿದ. ಪಳಗಿದ ಕೈ.

ಲಾಲು ನಾಗಲಿಂಗಪ್ಪನನ್ನೇ ನೋಡಿದ. ಡಬ್ಬಿಯೆಲ್ಲ ನೋಡಿತು.

"ನಡೀತೈತಲ್ರೀ?" ಹೊಗೆ ಬಿಟ್ಟಾದ ಮೇಲೆ ಈಶಪ್ಪ ಕೇಳಿದ.

"ಸೇದ್ರಿ, ಸೇದ್ರಿ! ಅದಕ್ಕೇನ್ರಿ? ಕಿಡಕಿ ತೆರದೈತಿ. ನಿಮ್ಮಂಥಾವ್ರ ಸಿಗರೇಟಂದ್ರ ಊದಬತ್ತಿ ಇದ್ದಂಗ್ರಿ!"

ಕಾಯ್ದೆ ಹಿಂದಿನ ಸ್ಟೇಶನ್ನಿನಲ್ಲೇ ಇಳಿದುಹೋಗಿತ್ತು.

ಊದುಬತ್ತಿಯ ಹೊಗೆ ನೇರ ಪೂರ್ಣಿಮಾಳ ಮುಖಕ್ಕೆ ಬಂತು. ಉಸಿರು ಹಿಡಿದಳು. ಗಂಟಲೊಳಗೆ ಇರುವೆ ಹರಿದಂತಾಯಿತು, ಕಣ್ಣು ತುಂಬಿದವು. ನೀಲಕ್ಕ ಸೆರಗಿನ ಮರೆಯಲ್ಲಿ ಮಗಳ ತೊಡೆ ಚಿವುಟಿದಳು.

"ಹುಡಿಗಿಗೆ ಭಾಳ ನಾಚಿಕಿ ಐತಿ. ಮಾರಿ ಹೆಂಗ ಕೆಂಪಾತ ನೋಡ್ರಿ," ಈಶಪ್ಪ ಮೆಚ್ಚಿಕೊಂಡ.

"ಬಾಯಾಗ ಮಾತ ಇಲ್ರಿ ನಮ್ಮ ಹುಡಿಗಿಗೆ!" ನಾಗಲಿಂಗಪ್ಪ ಸೇರಿಸಿದ.

ಪೂರ್ಣಿಮಾ ರುದ್ರೇಶನ ಕಡೆ ನೋಡಿದಳು. ಅವನಿಗೆ ಗೊತ್ತಾಗಿತ್ತು. ಅವಳ ಕಣ್ಣೀರು ಕಂಡ, ಅಪ್ಪನ ಸಿಗರೇಟು ಕಂಡ, ಲೈಟರನ್ನು ಜೇಬಿಗಿಳಿಸಿ ಮೊಬೈಲಿನೊಳಗೆ ಮುಖ ಹುದುಗಿಸಿದ. ಆ ಮನೆಯಲ್ಲಿ ಬೆಳಗಾದರೆ ಎರಡು ಬೆರಳು ಚಾಚಿಕೊಳ್ಳುತ್ತವೆ, ಇವನು ಹಚ್ಚಿಕೊಡುತ್ತಾನೆ, ತಾನು ಸಾಯುವ ತನಕ ಉಸಿರು ಹಿಡಿಯಬೇಕು. ನಾಚಿಕೆಯ ಸೊಸೆ ಎಂದು ಹೆಸರಾಗಬೇಕು.

ಪೂರ್ಣಿಮಾ ಉಸಿರು ಬಿಟ್ಟಳು.

ಬಂದ ಕೆಮ್ಮು ಎಂಥದೆಂದರೆ ಈಶಪ್ಪ ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡ. "ಏನ್ರೀ ಇದು! ಹುಡಿಗಿಗೆ ರೋಗ ಐತೇನು?"

"ಇಲ್ರಿ, ಇಲ್ರಿ! ಶೇಂಗಾ ಸಿಕ್ಕೊಂಡೈತಿ."

"ನಾ ಶೇಂಗಾ ತಿಂದಿಲ್ಲ ಕಾಕಾ. ನನಗ ದಮ್ಮೈತಿ." ಕೆಮ್ಮಿನ ನಡುವೆಯೇ ಈಶಪ್ಪನ ಕಡೆ ತಿರುಗಿದಳು. "ಆರಸ್ರಿ. ಟ್ರೇನಿನ್ಯಾಗ ಸೇದಂಗಿಲ್ಲ. ಈಗಷ್ಟ ನಮ್ಮ ಕಾಕಾ ಆ ಅಣ್ಣಾರಿಗೆ ಹೇಳಿದ್ರು. ಕಾಯ್ದೆ ಐತಂತ."

ಮೊದಲು ನಕ್ಕವಳು ಗೋಪಿಬಾಯಿ. "ಹೌದ್ರಿ ಸಾವಕಾರ್ರ, ನಮ್ಮದು ಹೊಸಾ ಬೀಡಿ ಹೋತು!"

ಈಶಪ್ಪ ಎದ್ದ. ಬೂದಿಯನ್ನು, ಆಗಷ್ಟೇ ಟವೆಲಿನಿಂದ ಝಾಡಿಸಿದ್ದ ಸೀಟಿನ ಮೇಲೆ ಕೊಡವಿ, ಸಿಗರೇಟು ಹಿಡಿದುಕೊಂಡೇ ಬಂದ ದಾರಿ ಹಿಡಿದ. ಹಿಂದೆ ಮಗ. ಅವನ ಹಿಂದೆ, "ಬೀಗರ, ಬೀಗರ, ನಿಂದರ್ರಿ!" ಎನ್ನುತ್ತ ನಾಗಲಿಂಗಪ್ಪ.

"ಇಲ್ಲಿ ಬಾರವ್ವಾ, ಗಾಳಿ ಐತಿ," ಲಾಲು ಬಾಗಿಲ ಬಳಿ ಜಾಗ ಬಿಟ್ಟ.

ಪೂರ್ಣಿಮಾ ಕಂಬಿ ಹಿಡಿದು ನಿಂತು ಮನಸಾರೆ ಕೆಮ್ಮಿದಳು. ನೀಲಕ್ಕ ಹಿಂದಿನಿಂದ ಬಂದು ಬಯ್ಯುತ್ತಲೇ ಬೆನ್ನು ತಿಕ್ಕಿದಳು.

"ಸಾಕ ಮಾಡ, ಹಾಳಾದಾಕಿ. ಎಷ್ಟ ಕೆಮ್ಮತಿ?"

"ನೀನ ಹೇಳಿದ್ಯಲ್ಲವ್ವಾ, ತಿರಗಿ ಹೋಗಬೇಕಾದ್ರ ಎಷ್ಟ ಬೇಕಷ್ಟ ಕೆಮ್ಮಂತ," ಪೂರ್ಣಿಮಾ ಕಣ್ಣೊರೆಸಿಕೊಂಡಳು. "ಇನ್ನ ತಿರಗಿ ಹೋಗೂದ ಅಲ್ಲೇನು?"