ಸಕ್ಕರೆಯ ಬೆತ್ತ

ಠಾಣೆಯ ಗೋಡೆಯಾಚೆ ಬೆತ್ತ ಬೀಳುವ ಸದ್ದು ಕೇಳುತ್ತಿತ್ತು. ಮಗನ ದನಿ ಮಾತ್ರ ಕೇಳುತ್ತಿರಲಿಲ್ಲ. ನೀಲಪ್ಪನಿಗೆ ಅದೇ ಹೆದರಿಕೆ. ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕುಂತವನು ಪ್ರತಿ ಏಟಿಗೂ ತನ್ನ ಬೆನ್ನು ಸೆಟೆಸುತ್ತಿದ್ದ. ನಲವತ್ತೆರಡರ ಚಳವಳಿಯಲ್ಲಿ ಹಾನಗಲ್ಲಿನ ಟೆಲಿಗ್ರಾಫ್ ತಂತಿ ಕಡಿದವರ ಹೆಸರು ಹೇಳೆಂದು ಮಗ ಶಿದ್ಲಿಂಗಪ್ಪನನ್ನು ಹಿಡಿದು ತಂದಿದ್ದರು. ಹೇಳುವ ಪೈಕಿಯಲ್ಲ ಆ ಹುಡುಗ. ತಾಯಿಯ ಹಟ ಅವನದು.

ಫೌಜದಾರ ಬೆವರೊರೆಸಿಕೊಳ್ಳುತ್ತ ಹೊರಗೆ ಬಂದ. ತುದಿ ಡೊಂಕಾದ ಬೆತ್ತವನ್ನು ನೀಲಪ್ಪನ ಮೂಗಿನ ಮುಂದೆ ಹಿಡಿದ.

"ಜಂಗಲ್ ಸಾಹೇಬರ ದೊರೆಸಾನಿ ಕ್ರಿಸ್ಮಸ್ ಹಬ್ಬಕ್ಕ ಮಿಠಾಯಿ ಕೇಳ್ಯಾಳ. ಇದರಂಗ ಡೊಂಕ ಇರಬೇಕು. ಆಕಿ ಖುಷಿ ಆದ್ರ ಅವತ್ತ ನಿನ್ನ ಮಗನ್ನ ಬಿಡ್ತೇನಿ."

ಗೌರಿಹುಣ್ಣಿಮೆ ಬಂದರೆ ಊರಿಗೆಲ್ಲ ಅಚ್ಚಿನಲ್ಲಿ ಸಕ್ಕರೆ ಆರತಿಯ ಗೊಂಬೆ ಹಾಕಿಕೊಡುವವನು ನೀಲಪ್ಪ. ಇದೇನು ಮಹಾ ಕೆಲಸ ಎಂದುಕೊಂಡು ಅರಣ್ಯ ಅಧಿಕಾರಿಯ ಬಂಗಲೆಗೆ ಹೋದ. ಆಯಾಳಿಂದ ಕನ್ನಡ ಕಲಿತಿದ್ದ ದೊರೆಸಾನಿ ನಿಧಾನವಾಗಿ ತಿಳಿಸಿದಳು: ಅವರ ಕಡೆಯ ದೇಶವೊಂದರಲ್ಲಿ ಚರ್ಚಿನ ಹಾಡು ಕಲಿಸುವ ಮುದುಕನೊಬ್ಬ ಮಕ್ಕಳು ಗದ್ದಲ ಮಾಡದಿರಲೆಂದು ಇದನ್ನು ಮೊದಲು ಕೊಟ್ಟನಂತೆ, ಖರೆಯೋ ಸುಳ್ಳೋ ಅವಳಿಗೂ ಗೊತ್ತಿಲ್ಲ. ಡೊಂಕು ಎಂದರೆ ಕುರಿ ಕಾಯುವವನ ಕೋಲು. ಬಿಳಿ ಎಂದರೆ ಪಾಪವಿಲ್ಲದ್ದು. ಸಣ್ಣ ಕೆಂಪು ಗೆರೆಗಳು ಶಿಲುಬೆಗೇರಿದ ಸ್ವಾಮಿಯ ಮೈಮೇಲೆ ಬಿದ್ದ ಏಟು, ದಪ್ಪ ಗೆರೆ ಅವನ ರಕ್ತ.

ಹೊಡೆದವರು ಯಾರು ಎಂದು ನೀಲಪ್ಪ ಕೇಳಿದ. ಸಿಪಾಯಿಗಳು ಎಂದಳು. ಅವನ ತಪ್ಪೇನಿತ್ತು ಎಂದ. ಏನೂ ಇಲ್ಲ ಎಂದಳು.

ಮನೆಯಲ್ಲಿ ಕುದಿಸಿ ಗಟ್ಟಿಯಾದ ಬಿಸಿ ಪಾಕವನ್ನು ಗೋಡೆಯ ಗೂಟಕ್ಕೆ ಎಸೆದು ಜಗ್ಗತೊಡಗಿದ. ಜಗ್ಗಿದಷ್ಟೂ ಸಕ್ಕರೆ ಬೆಳ್ಳಗಾಗುತ್ತದೆ. ಮಗ ಮಾಡುತ್ತಿದ್ದ ಕೆಲಸ ಅದು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದರೂ ನೀಲಪ್ಪ ಬಿಡಲಿಲ್ಲ. ಆಕೆ ಹೇಳಿದಷ್ಟೇ ಗೆರೆ ಹಾಕಿ ಬಾಯಿ ಮುಚ್ಚಿಕೊಂಡು ಕೊಟ್ಟು ಬಾ, ಮಗ ಜೀವಂತ ಬಂದರೆ ಸಾಕು ಎಂದು ಹೆಂಡತಿ ಫಕ್ಕೀರವ್ವ ಗೋಗರೆದಳು. ಅವನೂ ಹೂಂ ಎಂದ. ಆದರೆ ರೊಟ್ಟಿ ಕೊಡಲು ಹೋದಾಗ ಕಂಡ ಮಗನ ಬೆನ್ನು ಕಣ್ಣಿಂದ ಹೋಗಲೊಲ್ಲದು. ಅಂಗಿ ಬೆನ್ನಿಗಂಟಿ, ಬಿಡಿಸಿದರೆ ಚರ್ಮವೇ ಕಿತ್ತು ಬರುವಂತಿತ್ತು. ಕೈ ಗೆರೆಯ ಮೇಲೆ ಗೆರೆ ಎಳೆಯುತ್ತಲೇ ಹೋಯಿತು.

ಹಬ್ಬದ ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ಪರಾತದ ಮೇಲಿನ ಬಟ್ಟೆ ತೆಗೆದಾಗ ದೊರೆಸಾನಿಯ ನಗೆ ನಿಂತಿತು. ಬಿಳಿ ಎಲ್ಲೂ ನೆಟ್ಟಗೆ ಕಾಣುತ್ತಿರಲಿಲ್ಲ. ಅವಳ ಪುಟ್ಟ ಮಗಳು ಆಗಲೇ ಒಂದನ್ನು ಬಾಯಿಗಿಟ್ಟಿದ್ದಳು. ಇಷ್ಟೊಂದು ಗೆರೆ ಯಾಕೆ ಎಂದು ತಾಯಿ ಕೇಳಿದಳು. ಬೆತ್ತ ಹಿಡಿದು ಪಕ್ಕದಲ್ಲಿ ನಿಂತಿದ್ದ ಫೌಜದಾರ ಕಣ್ಣು ಕೆಕ್ಕರಿಸಿದ. ಸುಮ್ಮನಿದ್ದರೆ ಮಗ ಸಂಜೆಗೆ ಮನೆಗೆ ಬರುತ್ತಿದ್ದ. ನೀಲಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

"ನನ್ನ ಮಗನ ಬೆನ್ನ ಮ್ಯಾಲ ಇಷ್ಟ ಅದಾವ್ರಿ, ಅವ್ವಾರ. ನೋಡಿಕೊಂಡ ಬಂದ ಹಾಕೇನಿ."

ಬೆತ್ತ ನೀಲಪ್ಪನ ಬಾಯಿಗೇ ಬಿತ್ತು. ಹಲ್ಲೊಂದು ಕಿತ್ತು ಪರಾತದಲ್ಲಿ ಉರುಳಿತು. ಎರಡನೆಯ ಏಟು ಕಿವಿಯನ್ನು ಸೀಳಿತು. ಮೂರನೆಯದು ಮಿಠಾಯಿಯ ಮೇಲೆ ಬಿದ್ದು, ಬೆತ್ತ ಫೌಜದಾರನ ಕೈ ಜಾರಿ ಹುಡುಗಿಯ ಕಾಲ ಬಳಿ ಬಿತ್ತು. ನೀಲಪ್ಪ ಕೈ ಅಡ್ಡ ಒಡ್ಡಲಿಲ್ಲ. ರಕ್ತ ಅಂಗಿಯ ಮೇಲೆ ಇಳಿಯುತ್ತಿತ್ತು.

ದೊರೆಸಾನಿಯ ಮುಖ ಸುಣ್ಣವಾಗಿತ್ತು.

"ನಡಿ," ಎಂದಳು ನೀಲಪ್ಪನಿಗೆ. "ಮಗನ್ನ ತೋರ್ಸು."

ಅವಳು ಮೆಟ್ಟಿಲಿಳಿದಳು. ಫೌಜದಾರ ಬೆತ್ತಕ್ಕೆಂದು ಬಗ್ಗಿದ. ಅಷ್ಟರಲ್ಲಿ ಹುಡುಗಿ ಅದನ್ನೆತ್ತಿಕೊಂಡಿದ್ದಳು. ಬಾಯಲ್ಲಿದ್ದ ಮಿಠಾಯಿ ತೆಗೆದು ಅದನ್ನೊಮ್ಮೆ, ಬೆತ್ತವನ್ನೊಮ್ಮೆ ನೋಡಿದಳು. ಫೌಜದಾರ ನಗುತ್ತ ಕೈ ಚಾಚಿದ. ಹುಡುಗಿ ಎರಡನ್ನೂ ಬೆನ್ನ ಹಿಂದೆ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು.